ಕಾಂಪೌಂಡಿನಿಂದ ಹನ್ನೊಂದನೇ ಹಲಗೆ

"ಸರ್, ಸಿಂಕ್‌ನಲ್ಲಿ ನೀರು ವಾಪಸ್ ಬರ್ತಿದೆ. ಹಿತ್ತಲಲ್ಲಿ ಚೇಂಬರ್ ಎಲ್ಲಿದೆ?"

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಫೋನ್. ಬನಶಂಕರಿ ಕಡೆಯ ಮನೆ, ಅವತ್ತು ಮಗುವಿನ ನಾಮಕರಣ. ಚೇಂಬರ್, ಅಂದರೆ ಕೊಳಚೆ ಪೈಪು ಕಟ್ಟಿಕೊಂಡರೆ ತೆರೆಯುವ ಗುಂಡಿ, ಎಲ್ಲಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಮೂರು ವಾರದ ಹಿಂದೆ ನಾನೇ ಹಾಕಿಸಿದ ಡೆಕ್, ಅಂದರೆ ಮರದ ಹಲಗೆಯ ಜಗಲಿ, ಅದರ ಕೆಳಗೆ.

12 ಅಡಿ ಉದ್ದ, 10 ಅಡಿ ಅಗಲ, ನೆಲದಿಂದ ಬರೀ 6 ಇಂಚು ಎತ್ತರ. ಹಳೇ ಮನೆ ಕೆಡವಿದ ಸಾಗುವಾನಿ. ಹಲಗೆ ಹೊರುವ ಅಡ್ಡಪಟ್ಟಿ, ಅಂದರೆ ರನ್ನರ್, 16 ಇಂಚಿಗೊಂದು; ಹಲಗೆ ನಡುವೆ 5 ಎಂಎಂ ಸಂದು, 580 ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ. ರನ್ನರ್ ಕೂರಿಸುವಾಗಲೇ ಆಚಾರ್ರು ಹೇಳಿದ್ದರು, "ಇದು ಸರಿಯಾಗಿ ಚೇಂಬರ್ ಮೇಲೇ ಬರ್ತದೆ. ಒಂದು ಮುಚ್ಚಳ ಬಿಡೋಣ ಸ್ವಾಮಿ." ನಾನು, "ಡ್ರಾಯಿಂಗ್‌ನಲ್ಲಿ ಚೇಂಬರೇ ಇಲ್ಲವಲ್ಲ" ಅಂದೆ. ಕಣ್ಣೆದುರಿಗೇ ಇತ್ತು! ಸಾಲದ್ದಕ್ಕೆ ಸ್ಕ್ರೂ ತಲೆ ಕಾಣಬಾರದು ಅಂತ ಒಂದೊಂದರ ಮೇಲೂ ಮರದ ಬಿರಡೆ ಅಂಟಿಸೋಕೆ ಹೇಳಿದೆ.

ನಾನು ಹೋಗುವಷ್ಟರಲ್ಲಿ ಪ್ಲಂಬರ್ ಬಿದಿರು ದಬ್ಬೆ ಹಿಡಿದು ಡೆಕ್ ಮೇಲೆ ನಿಂತಿದ್ದ. ಒಳಗೆ ಅಡುಗೆಯವರು ಪಾತ್ರೆ ತೊಳೆಯಲಾಗದೆ ಗೊಣಗುತ್ತಿದ್ದರು. ಮೊಬೈಲಲ್ಲಿ ಫೋಟೋ ಹುಡುಕಿದೆ. ಕಂಪನಿ ಆ್ಯಪ್‌ಗೆ ಅಂತ ಫಿನಿಶಿಂಗ್ ಫೋಟೋ ರಾಶಿ ರಾಶಿ. ಪಾಲಿಶ್, ಅಂಚು, ಸಂಜೆ ಬೆಳಕಲ್ಲಿ ಹಲಗೆ. ಮುಚ್ಚಿಹೋಗುವ ವಿಷಯಕ್ಕೆ ಆ ಆ್ಯಪ್‌ನಲ್ಲಿ ಜಾಗವೇ ಇಲ್ಲ. ಕೊನೆಗೆ ಒಂದು ಸಿಕ್ಕಿತು. ಆಚಾರ್ರ ಚಪ್ಪಲಿ ಪಕ್ಕ ಚೇಂಬರ್ ಮೂಲೆ. ಎಣಿಸಿದೆ. ಕಾಂಪೌಂಡಿನಿಂದ ಹನ್ನೊಂದನೇ ಹಲಗೆ.

ಒಂದು ಹಲಗೆಗೆ 20 ಬಿರಡೆ. ಡ್ರಿಲ್ ಹಾಕಿ ಒಡೆದರೆ ಸ್ಕ್ರೂ ತಲೆಯೊಳಗೆಲ್ಲ ಗಮ್, ಬಿಟ್ ಸ್ಲಿಪ್ ಆಗುತ್ತಿದೆ. ಹಿಂದೆ ಮನೆಯ ಅಜ್ಜಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದಾರೆ. ಮುಕ್ಕಾಲು ಗಂಟೆ ಬೆವರು ಸುರಿಸಿ ಹಲಗೆ ಎತ್ತಿದರೆ ಕೆಳಗೆ ಬರೀ ಮಣ್ಣು, ಒಂದು ಬೀಡಿ ತುಂಡು. ಫೋಟೋ ಆಚೆ ಕಡೆಯಿಂದ ತೆಗೆದದ್ದು. ನಾನು ಎಣಿಸಬೇಕಿದ್ದದ್ದು ಮನೆ ಗೋಡೆಯಿಂದ!

ಆಮೇಲೆ ನಾಜೂಕು ಬಿಟ್ಟು ಕಟರ್ ಹಾಕಿದೆವು. ಸರಿಯಾದ ಜಾಗದಲ್ಲಿ ಐದು ಹಲಗೆ, ಕೆಳಗಿನ ರನ್ನರ್ ಎರಡೂ ಹೋದವು. ಚೇಂಬರ್ ತೆರೆದಾಗ ಮೊದಲ ಪಂಕ್ತಿಗೆ ಪಾಯಸ ಬಡಿಸುತ್ತಿದ್ದರು. ವಾಸನೆ ಬಗ್ಗೆ ಬರೆಯುವುದಿಲ್ಲ.

ಈಗ ಅಲ್ಲಿ 2 ಅಡಿ ಚೌಕದ ಮುಚ್ಚಳ ಇದೆ. ನಾಲ್ಕು ಸ್ಕ್ರೂ, ತಲೆ ಕಾಣುವ ಹಾಗೆ. ಈಗೀಗ ನಾನು ಹಲಗೆ ಕೂರಿಸುವ ಮೊದಲೇ ಗೋಡೆಯಿಂದ ಟೇಪ್ ಹಿಡಿದು, ಅಳತೆ ಕಾಣುವ ಹಾಗೆ ಫೋಟೋ ತೆಗೆಯುತ್ತೇನೆ. ಖರ್ಚು ನನ್ನ ಇನ್ಸೆಂಟಿವ್‌ನಲ್ಲಿ ಕಟ್ ಆಯಿತು. ಆಫೀಸಿನವರು ಎರಡು ಮೀಟಿಂಗ್ ಮಾಡಿ, ಒಂದು ಎಕ್ಸೆಲ್ ಶೀಟ್ ತುಂಬಿಸಿಕೊಂಡರು.

ಡ್ರಾಯಿಂಗ್‌ನಲ್ಲಿ ಮಾತ್ರ ಇವತ್ತಿಗೂ ಚೇಂಬರ್ ಇಲ್ಲ.