ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಕೂಲಿ ಕೊಡಲೇಬೇಕೆ?

ಮೂಡಿಗೆರೆ, ಆಲ್ದೂರು ಕಡೆಯ ಕಾಫಿ ತೋಟಗಳ ಸಂಬಳದ ಲೆಕ್ಕ ನೋಡಿಕೊಡುವ ನನ್ನನ್ನು ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೆಲಸ ಒಂದೇ ಆಗಿದ್ದರೆ, ಅಥವಾ ಒಂದೇ ಬಗೆಯದಾಗಿದ್ದರೆ, ಕೊಡಲೇಬೇಕು. 1976ರ ಸಮಾನ ವೇತನ ಕಾಯ್ದೆಯಲ್ಲಿದ್ದ ಈ ಹೊಣೆ, 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯ 3ನೇ ಕಲಮಿನಲ್ಲಿ ಮುಂದುವರಿದಿದೆ.

ಹಾಗಾದರೆ ಮರಗಸಿ ಮಾಡುವವನಿಗೂ ಕಳೆ ತೆಗೆಯುವವಳಿಗೂ ಒಂದೇ ಕೂಲಿಯೇ ಎಂದು ಮರುಪ್ರಶ್ನೆ ಬರುತ್ತದೆ. ಹಾಗಲ್ಲ. ಕೌಶಲ, ಶ್ರಮ, ಅನುಭವ, ಹೊಣೆಗಾರಿಕೆ ಎಷ್ಟು ಬೇಕು, ಕೆಲಸದ ಪರಿಸ್ಥಿತಿ ಎಂಥದು ಎಂಬುದನ್ನು ಸಂಹಿತೆ ತೂಗಿ ನೋಡುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಎತ್ತರದ ಮರವೇರಿ ಕೊಂಬೆ ಸವರುವ ಕೆಲಸಕ್ಕೆ ಹೆಚ್ಚಿನ ದರ ಕೊಡುವುದು ನ್ಯಾಯವೇ. ಆದರೆ ಆ ದರ ಮರಗಸಿಯ ದಿನಗಳಿಗೆ ಸಲ್ಲುತ್ತದೆ. ಅದೇ ಆಳು ಮರುವಾರ ಹೆಂಗಸರ ಜೊತೆಗೇ ಗೊಬ್ಬರ ಹಾಕಿದರೆ, ಚಿಗುರು ತೆಗೆದರೆ, ಕಣದಲ್ಲಿ ಕಾಫಿ ಹರಡಿದರೆ, ಗಂಡಸು ಎಂಬ ಒಂದೇ ಕಾರಣಕ್ಕೆ ಅವನಿಗೆ ಹೆಚ್ಚು ಕೊಡುವಂತಿಲ್ಲ. ನಮ್ಮ ತೋಟಗಳು ಎಡವುವುದು ಇಲ್ಲಿಯೇ. ರೈಟರು ಬರೆಯುವ ಹಾಜರಿ ಪುಸ್ತಕ ತೆರೆದರೆ ಒಂದು ಪುಟದ ತಲೆಗೆ ‘ಗಂಡಾಳು’, ಎದುರು ಪುಟದ ತಲೆಗೆ ‘ಹೆಣ್ಣಾಳು’ ಎಂದಿದ್ದು, ಅಲ್ಲೇ ಪಕ್ಕದಲ್ಲಿ ದರವನ್ನೂ ಒಮ್ಮೆಗೇ ಬರೆದಿರುತ್ತದೆ; ಯಾರು ಯಾವ ದಿನ ಯಾವ ಕೆಲಸ ಮಾಡಿದರು ಎಂಬುದಕ್ಕೆ ಅಂಕಣವೇ ಇರುವುದಿಲ್ಲ. ಕಡಿಮೆ ಕೂಲಿ ಕೊಟ್ಟರೆಂದು ದೂರು ಬಂದರೆ, ಸಲ್ಲಬೇಕಾದಷ್ಟು ಕೊಟ್ಟಿದ್ದೇವೆಂದು ಸಾಬೀತುಪಡಿಸುವ ಭಾರ ಮಾಲೀಕರ ಮೇಲಿರುವಾಗ, ಇಂಥ ಪುಸ್ತಕ ಅವರ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಬಾಕಿ ಕೇಳಲು 3 ವರ್ಷದ ಅವಕಾಶವಿದೆ. ಬಾಕಿಯ ಜೊತೆಗೆ ಅದರ 10 ಪಟ್ಟಿನವರೆಗೆ ಪರಿಹಾರವನ್ನೂ ವಿಧಿಸಬಹುದು.

ಹಣ್ಣು ಕೊಯ್ಲಿನಲ್ಲಿ ಮಾತ್ರ ಈ ತಕರಾರು ಏಳುವುದು ಅಪರೂಪ, ಏಕೆಂದರೆ ಸಂಜೆ ಚೀಲ ತೂಗಿ ಕಿಲೋ ಲೆಕ್ಕದಲ್ಲಿ ಹಣ ಕೊಡುತ್ತಾರೆ. ಹೆಂಗಸರ ಕೈ ಚುರುಕು ಎಂದು ಡಿಸೆಂಬರಿನಲ್ಲಿ ಹೊಗಳಿದವರೇ, ಜೂನ್ ಬಂತೆಂದರೆ ಹೆಣ್ಣಾಳಿನಿಂದ ಅಷ್ಟು ಕೆಲಸ ಆಗದು ಎನ್ನುವುದನ್ನೂ ಕೇಳಿದ್ದೇನೆ.

ಹೆಂಗಸರಿಗೂ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟಿಲ್ಲವಲ್ಲ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಗಂಡಸರಿಗೆ ಅದಕ್ಕಿಂತ ಹೆಚ್ಚು ಕೊಡುತ್ತಿದ್ದರೆ ಅದೇ ಕೆಲಸಕ್ಕೆ ಹೆಂಗಸರಿಗೂ ಅಷ್ಟೇ ಸಲ್ಲಬೇಕು. ಗಂಡಸರ ಕೂಲಿ ಇಳಿಸಿ ಸರಿದೂಗಿಸುವುದನ್ನು ಸಂಹಿತೆ ನೇರವಾಗಿ ನಿಷೇಧಿಸಿದೆ. ಬೆಲೆ ಬಿದ್ದಿದೆ, ಶಕ್ತಿಯಿಲ್ಲ ಎಂಬ ಮಾತನ್ನು ನಾನು ಸಹಾನುಭೂತಿಯಿಂದಲೇ ಕೇಳುತ್ತೇನೆ, ಆದರೆ ಸುಪ್ರೀಂ ಕೋರ್ಟ್ 1987ರಲ್ಲೇ ಅದನ್ನು ಒಪ್ಪಿಲ್ಲ. ಮೆಕಿನನ್ ಮೆಕೆಂಜಿ ಕಂಪನಿ ಮಹಿಳಾ ಸ್ಟೆನೋಗ್ರಾಫರಿಗೆ ಗಂಡಸರಿಗಿಂತ ಕಡಿಮೆ ಸಂಬಳ ಕೊಟ್ಟು, ಆರ್ಥಿಕ ಅಶಕ್ತಿಯನ್ನೂ ಕಾರ್ಮಿಕ ಸಂಘದೊಂದಿಗಿನ ಒಪ್ಪಂದವನ್ನೂ ಮುಂದೊಡ್ಡಿತ್ತು. ಎರಡೂ ನೆಪಗಳು ಸಮಾನ ವೇತನ ಕಾಯ್ದೆಯ ಮುಂದೆ ನಿಲ್ಲಲಿಲ್ಲ.

ಸಣ್ಣ ಬೆಳೆಗಾರರು ತಮಗೆ ಇದು ಅನ್ವಯಿಸದೆಂದು ನಂಬಿರುತ್ತಾರೆ. ಕೃಷಿ ಕೆಲಸಕ್ಕೆ 5 ಜನಕ್ಕಿಂತ ಹೆಚ್ಚು ಇಟ್ಟುಕೊಳ್ಳದವರಿಗೆ ರಿಜಿಸ್ಟರ್ ಇಡುವುದರಿಂದ ವಿನಾಯಿತಿ ಇರುವುದು ನಿಜ. ಆದರೂ ಕೂಲಿ ಕೊಟ್ಟ ಪುರಾವೆಯನ್ನು ಅಧಿಕಾರಿ ಕೇಳಿದಾಗ ತೋರಿಸಬೇಕು, ಮತ್ತು ಸಮಾನ ಕೂಲಿಯ ವಿಷಯದಲ್ಲಿ ಅವರಿಗೆ ಯಾವ ವಿನಾಯಿತಿಯೂ ಇಲ್ಲ.