ಡಿಸ್ಕ್ ಖಾಲಿಯಾಗಿರಲಿಲ್ಲ

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಅಂಗಡಿ ಇದೆ. ಕಂಪ್ಯೂಟರ್ ರಿಪೇರಿ, ಜೊತೆಗೆ ಕಳೆದುಹೋದ ಡೇಟಾ ತೆಗೆದುಕೊಡುವ ಕೆಲಸ. ಡೇಟಾ ಕಳಕೊಂಡು ಬರುವವರಲ್ಲಿ ಹೆಚ್ಚಿನವರ ಮೊದಲ ಮಾತು ಒಂದೇ: ‘ಕಂಪ್ಯೂಟರೇ ಕೇಳ್ತ್ರಿ, ಫಾರ್ಮ್ಯಾಟ್ ಮಾಡ್ಲೇನು ಅಂತ. ಹೂಂ ಅಂದ್ವಿ.’ ಫಾರ್ಮ್ಯಾಟ್ ಎಂದರೆ ಡಿಸ್ಕನ್ನು ಖಾಲಿ ಮಾಡಿ ಹೊಸದಾಗಿ ಸಿದ್ಧಮಾಡುವುದು. ಹೇಳುವಾಗ ತಲೆ ತಗ್ಗಿಸಿರುತ್ತಾರೆ. ದಾಲ್ ಮಿಲ್ಲಿನ ಗುಮಾಸ್ತರಿರಲಿ, ಮದುವೆ ಫೋಟೊ ತೆಗೆಯುವ ಹುಡುಗರಿರಲಿ, ನಿವೃತ್ತ ಮಾಸ್ತರರಿರಲಿ, ಎಲ್ಲರೂ ತಾವೇ ದಡ್ಡರು ಎಂದುಕೊಂಡು ಬರುತ್ತಾರೆ. ಅದು ನನಗೆ ಸಹಿಸಲಾಗದ ಮಾತು. ಅವರು ಮಾಡಿದ್ದು ಇಷ್ಟೇ: ತೆರೆಯ ಮೇಲೆ ಬರೆದದ್ದನ್ನು ನಂಬಿದರು.

ಕಳೆದ ಮೇ ತಿಂಗಳ ಒಂದು ದಿನದ ಬಗ್ಗೆ ಬರೆಯಬೇಕು.

ಬಿಸಿಲು 42 ಡಿಗ್ರಿ ದಾಟಿದ ಮೇಲೆ ನಮ್ಮಲ್ಲಿ ಮಧ್ಯಾಹ್ನ ಗಿರಾಕಿಗಳು ಬರುವುದು ಕಡಿಮೆ. ಅಂಥ ಹೊತ್ತಿನಲ್ಲಿ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಒಬ್ಬ ಹುಡುಗಿ ಬಂದಳು. ಸೇಡಂ ರಸ್ತೆಯ ಕಡೆ ರೂಮು ಮಾಡಿಕೊಂಡು ಪಿಎಚ್.ಡಿ. ಮಾಡುತ್ತಿರುವವಳು. ಬ್ಯಾಗಿನಿಂದ 1 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟಳು. ಜೇವರ್ಗಿ, ಯಡ್ರಾಮಿ, ಶಹಾಪುರ ಸುತ್ತಿನ ಹಳ್ಳಿಗಳಲ್ಲಿ ತತ್ವಪದ ಹಾಡುವವರ ಧ್ವನಿ ಅದರಲ್ಲಿತ್ತು. ಕಡಕೋಳ ಮಡಿವಾಳಪ್ಪನವರ ಪದ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ಪದ, ಅಮಾವಾಸ್ಯೆಯ ಭಜನೆಗಳು. ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ಹಾಡುವ ಮುದುಕರನ್ನು ಹುಡುಕಿಕೊಂಡು ಹೋಗಿ ರೆಕಾರ್ಡ್ ಮಾಡಿದ್ದಳು. ರೆಕಾರ್ಡರಿನ ಕಾರ್ಡ್ ತುಂಬಿದಾಗಲೆಲ್ಲ ಡಿಸ್ಕಿಗೆ ಹಾಕಿ, ಕಾರ್ಡ್ ಖಾಲಿ ಮಾಡಿ, ಮತ್ತೆ ಹೋಗುತ್ತಿದ್ದಳು.

ಹಿಂದಿನ ದಿನ ಸಂಜೆ ಬಿರುಗಾಳಿ ಎದ್ದು ಕರೆಂಟು ಹೋಗಿತ್ತು. ಗೆಳತಿಯ ಡೆಸ್ಕ್‌ಟಾಪಿಗೆ ಯುಪಿಎಸ್ ಇರಲಿಲ್ಲ. ಡಿಸ್ಕಿಗೆ ಏನೋ ಕಾಪಿ ಆಗುತ್ತಿರುವಾಗಲೇ ಮಷಿನ್ ಆಫ್. ಕರೆಂಟು ಬಂದ ಮೇಲೆ ಡಿಸ್ಕ್ ಚುಚ್ಚಿದರೆ ತೆರೆಯ ಮೇಲೆ ಬಂದದ್ದು ಇದು: ಈ ಡ್ರೈವಿನ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಬೇಕೆ? ಕೆಳಗೆ ಎರಡು ಬಟನ್. ಮೊದಲನೆಯದು ಫಾರ್ಮ್ಯಾಟ್ ಡಿಸ್ಕ್, ಎರಡನೆಯದು ಕ್ಯಾನ್ಸಲ್.

‘ಮೊದಲ ಕ್ಯಾನ್ಸಲ್ ಮಾಡಿದೆ ಸರ್,’ ಅಂದಳು. ‘ತಗದು ಮತ್ತ ಹಾಕಿದೆ. ಮತ್ತ ಅದೇ ಬಂತು. ಹತ್ ಸಲ ಹಾಕಿದ್ರೂ ಅದೇ ಕೇಳ್ಲಕತ್ತಿತ್ತು. ಬ್ಯಾರೆ ದಾರಿನೇ ಇಲ್ಲ ಅನಿಸ್ತು.’

ಅವಳ ಕೊನೆಯ ಮಾತು ನನ್ನನ್ನು ಬಹಳ ಹೊತ್ತು ಕಾಡಿತು. ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ ಎಲ್ಲೋ ಒಂದು ಕಡೆ ಕೆಟ್ಟಾಗ, ಇಲ್ಲವೇ ಲಿನಕ್ಸ್ ಎಂಬ ಬೇರೆ ಸಿಸ್ಟಂನಲ್ಲಿ ಸಿದ್ಧಮಾಡಿದ ಡಿಸ್ಕಿನ ಭಾಷೆ ಕಂಪ್ಯೂಟರಿಗೆ ಗೊತ್ತಾಗದಿದ್ದಾಗ, ಅದಕ್ಕೆ ನಿಜವಾಗಿ ತಿಳಿದಿರುವುದು ‘ನನಗೆ ಇದನ್ನು ಓದಲು ಬರುತ್ತಿಲ್ಲ’ ಎಂಬುದಷ್ಟೇ. ಒಳಗಿರುವುದು ಹಾಳಾಗಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಆದರೂ ಓದಲು ಬರುತ್ತಿಲ್ಲ ಎನ್ನುವುದನ್ನು ಬಿಟ್ಟು ‘ಫಾರ್ಮ್ಯಾಟ್ ಮಾಡಬೇಕು’ ಎಂದು ಹೇಳುತ್ತದೆ. ಖಾಲಿ ಹೊಸ ಡಿಸ್ಕಿಗೆ ಆ ಮಾತು ಸರಿ. ಮೂರು ವರ್ಷದ ಹಾಡು ತುಂಬಿದ ಡಿಸ್ಕಿಗೆ ಅದು ಸುಳ್ಳು. ನಿಜ, ಫಾರ್ಮ್ಯಾಟ್ ಒತ್ತಿದ ಮೇಲೆ ಡಿಸ್ಕಿನಲ್ಲಿರುವುದೆಲ್ಲ ಅಳಿಯುತ್ತದೆ ಎಂಬ ಇನ್ನೊಂದು ಎಚ್ಚರಿಕೆ ಬರುತ್ತದೆ. ಆದರೆ ಅಷ್ಟರೊಳಗೆ ಮನುಷ್ಯ ತೀರ್ಮಾನಕ್ಕೆ ಬಂದಾಗಿರುತ್ತದೆ. ‘ಮಾಡಬೇಕು’ ಎಂದು ಆಗಲೇ ಹೇಳಿಯಾಗಿದೆಯಲ್ಲ.

ವಿಂಡೋಸಿಗಿಂತ ಮೊದಲಿನ, ಹಳೆಯ ಡಾಸ್ ದಿನಗಳಲ್ಲಿ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಲು ಹೊರಟರೆ ಸಾಲಿನ ಮೊದಲಲ್ಲೇ ಎಚ್ಚರಿಕೆ, ಈ ಡ್ರೈವಿನ ಎಲ್ಲ ಡೇಟಾ ಹೋಗುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಬರುತ್ತಿತ್ತು. ಆಮೇಲೆ ಕೈಯಾರೆ ‘ವೈ’ ಒತ್ತಬೇಕಿತ್ತು. ಕಪ್ಪು ತೆರೆ, ಬೋಳು ಅಕ್ಷರ, ಚಂದ ಏನಿಲ್ಲ. ಆದರೆ ಆಗುವ ನಷ್ಟವನ್ನು ಮೊದಲು ಹೇಳಿ, ಪ್ರಶ್ನೆಯನ್ನು ಆಮೇಲೆ ಕೇಳುತ್ತಿತ್ತು. ಆ ಕ್ರಮ ಸರಿಯಾಗಿತ್ತು.

ಹುಡುಗಿಯನ್ನು ಕೂರಿಸಿ, ನೀರು ಕೊಟ್ಟು, ಫಾರ್ಮ್ಯಾಟ್ ಆಗಲು ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದೆ. ಕೆಲವೇ ಸೆಕೆಂಡು ಅಂದಳು. ಜೀವ ಬಂತು. ಹಾಗಾದರೆ ಅದು ಕ್ವಿಕ್ ಫಾರ್ಮ್ಯಾಟ್. ಪೂರ್ತಿ ಫಾರ್ಮ್ಯಾಟ್ ಆಗಿದ್ದರೆ ಈಗಿನ ಸಿಸ್ಟಂಗಳು ಡಿಸ್ಕಿನ ತುದಿಯಿಂದ ತುದಿಗೆ ಸೊನ್ನೆ ಬರೆಯುತ್ತವೆ, ತಾಸುಗಟ್ಟಲೆ ಹಿಡಿಯುತ್ತದೆ, ಆಮೇಲೆ ಯಾರ ಕೈಯಲ್ಲೂ ಏನೂ ಆಗುವುದಿಲ್ಲ. ಇನ್ನೊಂದು ಅದೃಷ್ಟ, ಅದು ತಿರುಗುವ ತಟ್ಟೆಯ ಹಳೆಯ ನಮೂನೆಯ ಡಿಸ್ಕ್. ತಟ್ಟೆಯಿಲ್ಲದೆ ಚಿಪ್ಪಿನಲ್ಲಿ ಬರೆಯುವ ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಕೆಲಸ ಮಾಡುತ್ತಿದ್ದರೆ ಫಾರ್ಮ್ಯಾಟ್ ಆದ ಜಾಗವನ್ನು ಡ್ರೈವ್ ತಾನೇ ಒರೆಸಿಬಿಡುತ್ತದೆ. ಕ್ವಿಕ್ ಫಾರ್ಮ್ಯಾಟಿನಲ್ಲಿ ಹೋಗುವುದು ಕಡತಗಳ ಪಟ್ಟಿ ಮಾತ್ರ. ಪುಸ್ತಕದ ಪರಿವಿಡಿ ಹರಿದರೆ ಪುಟಗಳು ಹೋಗುವುದಿಲ್ಲವಲ್ಲ, ಹಾಗೆ. ಮೇಲೆ ಹೊಸದಾಗಿ ಏನೂ ಬರೆಯದಿದ್ದರೆ ಹಳೆಯದೆಲ್ಲ ಅಲ್ಲೇ ಇರುತ್ತದೆ.

‘ಆಮೇಲೆ ಅದರಾಗ ಏನರ ಹಾಕೀರೇನು?’ ಎಂದು ಕೇಳಿದೆ.

ಹಾಕಿದ್ದಳು. ಡಿಸ್ಕ್ ‘ಸರಿ ಆಯ್ತು’ ಅಂದುಕೊಂಡು ಲ್ಯಾಪ್‌ಟಾಪಿನಲ್ಲಿದ್ದ ಪ್ರಬಂಧದ ಅಧ್ಯಾಯಗಳನ್ನೂ ಒಂದಷ್ಟು ವಿಡಿಯೊಗಳನ್ನೂ ಅದಕ್ಕೆ ತುಂಬಿದ್ದಳು, ಸುಮಾರು 40 ಜಿಬಿ. ಇಲ್ಲಿ ಕೂಡ ತೆರೆ ಏನೂ ಹೇಳಿರಲಿಲ್ಲ. ಫಾರ್ಮ್ಯಾಟ್ ಮುಗಿಯಿತು ಎಂದು ಸಂತೋಷದಿಂದ ಹೇಳಿ ಸುಮ್ಮನಾಗಿತ್ತು. ಹಳೆಯದು ಬೇಕಿದ್ದರೆ ಇದರ ಮೇಲೆ ಏನನ್ನೂ ಬರೆಯಬೇಡಿ ಎಂಬ ಒಂದು ಸಾಲು ಆ ಜಾಗದಲ್ಲಿ ಇದ್ದಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವೋ!

ಇಂಥ ಕೆಲಸದಲ್ಲಿ ಮೂಲ ಡಿಸ್ಕನ್ನು ಮುಟ್ಟಬಾರದು. ಮೊದಲು ಡಿಡಿರೆಸ್ಕ್ಯೂ ಎಂಬ ನಕಲು ತೆಗೆಯುವ ತಂತ್ರಾಂಶ ಹಾಕಿ ಡಿಸ್ಕಿನ ಪೂರ್ತಿ ನಕಲನ್ನು ಇನ್ನೊಂದು ಡಿಸ್ಕಿಗೆ ಇಳಿಸಿದೆ. ಸೆಕೆಂಡಿಗೆ 100 ಎಂಬಿ ಓಡಿದರೂ 1 ಟಿಬಿಗೆ ಮೂರು ತಾಸು ಹತ್ತಿರ ಬೇಕು. ಅಷ್ಟೂ ಹೊತ್ತು ಇನ್ವರ್ಟರಿನ ಮೇಲೆ ಒಂದು ಕಣ್ಣು. ಆಮೇಲೆ ಟೆಸ್ಟ್‌ಡಿಸ್ಕ್ ಓಡಿಸಿ ಹಳೆಯ ಪಟ್ಟಿ ಹುಡುಕಿದೆ. ಅದರ ಮೇಲೆ ಹೊಸ ಪಟ್ಟಿ ಬಂದು ಕೂತಿತ್ತು, ಚೂರುಪಾರು ಮಾತ್ರ ಸಿಕ್ಕಿತು. ಉಳಿದ ದಾರಿ ಫೋಟೊರೆಕ್. ಹೆಸರಿಗೆ ಫೋಟೊ ಇದ್ದರೂ ಅದು ನೂರಾರು ಬಗೆಯ ಕಡತ ಹುಡುಕುತ್ತದೆ. ಟೆಸ್ಟ್‌ಡಿಸ್ಕ್, ಫೋಟೊರೆಕ್ ಎರಡೂ ಉಚಿತ ತಂತ್ರಾಂಶಗಳು, ಕ್ರಿಸ್ಟೋಫ್ ಗ್ರೆನಿಯರ್ ಎಂಬವರು ಬರೆದದ್ದು. ಅವರಿಗೆ ನಮ್ಮ ಕಲಬುರಗಿ ಎಲ್ಲಿದೆ ಎಂದೂ ಗೊತ್ತಿರಲಿಕ್ಕಿಲ್ಲ, ನಾನು ಮಾತ್ರ ಅವರನ್ನು ನೆನೆಯದ ವಾರವಿಲ್ಲ. ಫೋಟೊರೆಕ್ ಪಟ್ಟಿಯನ್ನೇ ನೋಡುವುದಿಲ್ಲ. ಡಿಸ್ಕನ್ನು ಮೊದಲಿಂದ ಓದುತ್ತ, ಕಡತಗಳ ತಲೆಯಲ್ಲಿರುವ ಗುರುತನ್ನು ಹಿಡಿಯುತ್ತದೆ. ಧ್ವನಿ ತುಂಬಿಡುವ ವೇವ್ ಕಡತವಾದರೆ ಮೊದಲ ನಾಲ್ಕು ಅಕ್ಷರ ಆರ್, ಐ, ಎಫ್, ಎಫ್. ಅದರ ಹಿಂದೆಯೇ ಕಡತ ಎಷ್ಟು ಉದ್ದ ಎಂಬ ಲೆಕ್ಕ. ಅಲ್ಲಿಂದ ಅಷ್ಟು ಎತ್ತಿ ತೆಗೆಯುತ್ತದೆ.

ಸಂಜೆಯ ಹೊತ್ತಿಗೆ ವೇವ್ ಕಡತಗಳು ಒಂದೊಂದಾಗಿ ಬೀಳತೊಡಗಿದವು. ಆದರೆ ಹೆಸರಿಲ್ಲ. ಅವಳು ಇಟ್ಟಿದ್ದ ಊರು, ಹಾಡುಗಾರರ ಹೆಸರು ಎಲ್ಲ ಹಳೆಯ ಪಟ್ಟಿಯೊಂದಿಗೆ ಹೋಗಿತ್ತು. ಈಗ ಪ್ರತಿ ಕಡತಕ್ಕೂ ಒಂದು ‘ಎಫ್’, ಹಿಂದೆ ಉದ್ದನೆಯ ಅಂಕಿ. ಆ ಅಂಕಿ ಕಡತವು ಡಿಸ್ಕಿನ ಎಷ್ಟನೇ ಸೆಕ್ಟರಿನಿಂದ, ಅಂದರೆ ಎಷ್ಟನೇ ತುಂಡಿನಿಂದ ಶುರುವಾಗುತ್ತದೆ ಎಂಬುದರ ಗುರುತು. ಹತ್ತಿರದ ಅಂಕಿಯವು ಬಹುಪಾಲು ಒಟ್ಟಿಗೇ ಕಾಪಿ ಆದವು. ಇದನ್ನು ಹೇಳಿದ ಕೂಡಲೇ ಹುಡುಗಿ ವಹಿ ತೆಗೆದಳು. ಯಾವ ಊರಿಗೆ ಯಾವಾಗ ಹೋದೆ ಎಂದು ಅದರಲ್ಲಿ ಬರೆದಿಟ್ಟುಕೊಂಡಿದ್ದಳು.

ಮೊದಲ ಕಡತ ಒತ್ತಿದೆ. ನಾಯಿ ಬೊಗಳುವ ಸದ್ದು, ಯಾರೋ ಕೆಮ್ಮಿದರು, ಆಮೇಲೆ ಏಕತಾರಿಯ ಒಂದೇ ಶ್ರುತಿ. ಹಾಡು ಶುರುವಾಗುವ ಮೊದಲೇ ಅವಳು, ‘ಇವ್ರು ಶಹಾಪುರ ಕಡೇರು ಸರ್. ಆ ಕೆಮ್ಮು ನನಗ ಗೊತ್ತದ,’ ಅಂದಳು. ಬರೆದುಕೊಂಡೆವು. ಮುಂದಿನದು. ಒಬ್ಬ ಅಜ್ಜಿಯ ಧ್ವನಿ, ತಾಳ ಸ್ವಲ್ಪ ಮುಂದೆ ಓಡುತ್ತದೆ, ಅಜ್ಜಿ ಅದನ್ನು ಹಿಂದಕ್ಕೆಳೆಯುತ್ತಾಳೆ. ಹುಡುಗಿ ಅಳತೊಡಗಿದಳು. ಆ ಅಜ್ಜಿ ಸಂಕ್ರಾಂತಿಯ ಹೊತ್ತಿಗೆ ತೀರಿಕೊಂಡಿದ್ದರಂತೆ. ಮನೆಯವರ ಹತ್ತಿರ ಆಕೆಯ ಒಂದು ಫೋಟೊ ಕೂಡ ಸರಿಯಾಗಿಲ್ಲವಂತೆ. ಪಕ್ಕದ ಜೆರಾಕ್ಸ್ ಅಂಗಡಿಯವರು ಬಂದು ಬಾಗಿಲಲ್ಲಿ ನಿಂತರು, ಅವರಿಗೂ ಆ ಪದ ಬರುತ್ತಿತ್ತು, ಮೆಲ್ಲಗೆ ದನಿಗೂಡಿಸಿದರು. ನಾನು ಈ ಧಂದೆಯಲ್ಲಿ ಬಹಳ ಕಡತ ತೆಗೆದಿದ್ದೇನೆ. ಹೆಚ್ಚಿನವು ಬಿಲ್ಲು, ಲೆಡ್ಜರು, ಮದುವೆಯ ಫೋಟೊ. ಅವೂ ಮುಖ್ಯವೇ. ಆದರೆ ಆ ಸಂಜೆ ಕೈಯಲ್ಲಿ ಏನಿದೆ ಎಂಬುದು ಬೇರೆಯೇ ರೀತಿಯಲ್ಲಿ ತಿಳಿಯಿತು.

ನಡುವೆ ಒಂದು ಸಣ್ಣ ಗಾಬರಿ. ಅವಳು ಹಾಡುಗಳನ್ನು ಕೇಳಿ ಟೈಪ್ ಮಾಡಿದ್ದ ಕಡತಗಳು ಸಿಕ್ಕವು, ತೆರೆದರೆ ಕನ್ನಡದ ಬದಲು ಇಂಗ್ಲಿಷಿನ ಚಿಲ್ಲರೆ ಅಕ್ಷರ, ಮೇಲೆ ಕೊಂಬು, ಚುಕ್ಕಿ. ‘ಇವು ಹೋದ್ವು ಸರ್,’ ಅಂದಳು. ಹೋಗಿರಲಿಲ್ಲ. ಅದು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಈಗ ಎಲ್ಲ ಮಷಿನ್ನಿಗೂ ಗೊತ್ತಿರುವ ಯುನಿಕೋಡ್ ಅಲ್ಲ, ನನ್ನ ಮಷಿನ್ನಿನಲ್ಲಿ ಆ ಫಾಂಟ್ ಇರಲಿಲ್ಲ. ಹಾಕಿದ ಕೂಡಲೇ ಕನ್ನಡ ಎದ್ದು ನಿಂತಿತು. ಇಂಥ ಕಡತ ಕೆಟ್ಟಿದೆ ಎಂದು ಅಳಿಸಿ ಹಾಕಿದವರು ನನಗೆ ಗೊತ್ತು. ಫಾಂಟ್ ಇಲ್ಲ ಎಂದು ಒಂದು ಸಾಲು ಹೇಳುವುದು ಕಂಪ್ಯೂಟರಿಗೆ ಕಷ್ಟವಲ್ಲ.

ಎಲ್ಲವೂ ಸಿಗಲಿಲ್ಲ. ಆ 40 ಜಿಬಿ ಹೋಗಿ ಕೂತ ಜಾಗದಲ್ಲಿದ್ದದ್ದು ಹೋಯಿತು. ಯಡ್ರಾಮಿ ಕಡೆಯ ಒಂದು ಊರಿನ ಭಜನೆ ಪದದ ನಡುವೆಯೇ ಕತ್ತರಿಸಿದಂತೆ ನಿಂತು, ಮುಂದೆ ಬರೀ ಕರಕರ ಸದ್ದು. ಸಿಡಿ ಗುಣಮಟ್ಟದ ಸ್ಟೀರಿಯೊ ವೇವ್ ಕಡತ ಒಂದು ತಾಸಿಗೆ ಸುಮಾರು 635 ಎಂಬಿ ಆಗುತ್ತದೆ. 40 ಜಿಬಿ ಎಂದರೆ ಅರವತ್ತು ತಾಸಿಗಿಂತ ಹೆಚ್ಚಿನ ಹಾಡು ಕೂರುವ ಜಾಗ. ಪುಣ್ಯಕ್ಕೆ ಆ ಜಾಗದಲ್ಲಿ ಬಹಳಷ್ಟು ಮೊದಲೇ ಖಾಲಿ ಇತ್ತು.

ಡಿಸ್ಕ್ ಒಂದೇ ಅಲ್ಲ. ಫೋನಿನಲ್ಲಿ ‘ಎಸ್‌ಡಿ ಕಾರ್ಡ್‌ನಲ್ಲಿ ತೊಂದರೆ ಇದೆ, ಸರಿಪಡಿಸಲು ಒತ್ತಿ’ ಎನ್ನುವ ಸಂದೇಶದ ಹಿಂದೆಯೂ ಕೆಲವೊಮ್ಮೆ ಇದೇ ಫಾರ್ಮ್ಯಾಟ್ ಕೂತಿರುತ್ತದೆ. ಪೆನ್‌ಡ್ರೈವ್ ಚುಚ್ಚಿದಾಗ ಬರುವ ‘ಸ್ಕ್ಯಾನ್ ಮಾಡಿ ಸರಿಪಡಿಸಿ’ ಎಂಬುದೂ ಯಾವಾಗಲೂ ನಿರುಪದ್ರವಿಯಲ್ಲ. ಸಾಯುತ್ತಿರುವ ಡಿಸ್ಕಿಗೆ ಅದನ್ನು ಒತ್ತಿದರೆ ಕಡತಗಳು ತುಂಡಾಗಿ, ಹೆಸರು ಕಳಕೊಂಡು, ಸಿಎಚ್‌ಕೆ ಎಂಬ ಬಾಲದೊಂದಿಗೆ ಒಂದು ಮೂಲೆಯ ಫೋಲ್ಡರಿನಲ್ಲಿ ಬಿದ್ದಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಹುಡುಗಿ ಹೊರಡುವಾಗ ರಾತ್ರಿಯಾಗಿತ್ತು. ದುಡ್ಡು ಎಷ್ಟು ಎಂದು ಕೇಳಿದಳು, ಹೊಸ ಡಿಸ್ಕಿನ ದುಡ್ಡಷ್ಟೇ ತೆಗೆದುಕೊಂಡೆ. ಬಾಗಿಲಲ್ಲಿ ನಿಂತು ಕೇಳಿದಳು: ‘ಆ ಮೆಸೇಜ್ ಬರ್ದವ್ರಿಗೆ ಹಿಂಗಾಗ್ತದ ಅಂತ ಯಾರರ ಹೇಳ್ಯಾರೇನ್ರಿ?’

ಮರುದಿನ ನಾನೇ ಬರೆದೆ. ಆ ಸಂದೇಶ ತೋರಿಸುವ ವಿಂಡೋಸಿನ ಕಂಪನಿಗೆ ಸಲಹೆ ಕಳಿಸುವ ಜಾಗದಲ್ಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಹುಡುಗಿಯ ಒಪ್ಪಿಗೆ ಪಡೆದು ಏನು ಹೋಯಿತು, ಏನು ಉಳಿಯಿತು ಎಂಬುದನ್ನೂ ಹಾಕಿದೆ. ತೆರೆಯ ಮೇಲೆ ಬರುವ ಆ ಸಂದೇಶದ ಪೆಟ್ಟಿಗೆಯಲ್ಲಿ ಏನು ಇರಬೇಕು ಎಂಬುದನ್ನು ಹೀಗೆ ಬರೆದೆ: ‘ಈ ಡಿಸ್ಕನ್ನು ನನಗೆ ಓದಲು ಆಗುತ್ತಿಲ್ಲ. ಇದರಲ್ಲಿ ನಿಮ್ಮ ಕಡತಗಳು ಇನ್ನೂ ಇರಬಹುದು. ಬೇಕಾದ್ದು ಇದ್ದರೆ ಏನನ್ನೂ ಬರೆಯದೆ ಡಿಸ್ಕನ್ನು ಹೊರಗೆ ತೆಗೆಯಿರಿ, ತಿಳಿದವರಿಗೆ ತೋರಿಸಿ.’ ಮೊದಲ ಬಟನ್ ಹೊರಗೆ ತೆಗೆ ಎಂದಿರಲಿ. ಫಾರ್ಮ್ಯಾಟ್ ಮಾಡುವುದು ಆ ಪೆಟ್ಟಿಗೆಯಲ್ಲಿ ಇರಲೇಬೇಕಿಲ್ಲ, ಬೇಕಾದವರು ಮೆನುವಿನಲ್ಲಿ ಹುಡುಕಿಕೊಳ್ಳುತ್ತಾರೆ. ಸಲಹೆ ಸಿಕ್ಕಿದೆ ಎಂದು ತಾನಾಗಿ ಬರುವ ಉತ್ತರ ಬಂದಿದೆ. ಮತ್ತೆ ಬರೆಯುತ್ತೇನೆ.

ಅಷ್ಟರಲ್ಲಿ ಇದೇ ಮಾತನ್ನು ಕನ್ನಡದಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆದು ಅಂಗಡಿಯ ಗಾಜಿಗೆ ಅಂಟಿಸಿದ್ದೇನೆ. ಅದರ ಫೋಟೊ ತೆಗೆದುಕೊಂಡು ಹೋಗಿ ತಮ್ಮ ತಮ್ಮ ವಾಟ್ಸ್ಯಾಪ್ ಗುಂಪಿಗೆ ಹಾಕಿದವರು ಇದ್ದಾರೆ. ಹುಡುಗಿ ಯಡ್ರಾಮಿ ಕಡೆಯ ಆ ಊರಿನವರೊಂದಿಗೆ ಮಾತಾಡಿದ್ದಾಳೆ, ಶ್ರಾವಣದ ಅಮಾವಾಸ್ಯೆಗೆ ಬಾ, ಎಲ್ಲ ಪದ ಮತ್ತೆ ಹಾಡ್ತೀವಿ ಅಂದಿದ್ದಾರಂತೆ. ಈ ಸಲ ರೆಕಾರ್ಡರಿನ ಕಾರ್ಡ್ ಖಾಲಿ ಮಾಡುವ ಮೊದಲು ಎರಡು ಡಿಸ್ಕಿಗೆ ಕಾಪಿ ಆಗಬೇಕು, ಒಂದು ರೂಮಿನಲ್ಲಿ, ಇನ್ನೊಂದು ಊರಿನ ಅಪ್ಪನ ಮನೆಯಲ್ಲಿ ಎಂದು ಮಾತಾಗಿದೆ.