ಕವಳದ ಸಂಚಿಯ ಗುಳಿಗೆ

ಸೋಮವಾರ ಸಂಜೆ ತೋಟದಿಂದ ಏರು ಹತ್ತಿ ಬಂದ ಅಪ್ಪ ಜಗಲಿ ಮೇಲೆ ಎದೆ ಹಿಡಿದು ಕೂತ. "ಗ್ಯಾಸು, ಅಪ್ಪೆಹುಳಿ ಕುಡಿಲಿ" ಅಂದರು ಪಕ್ಕದ ಮನೆಯವರು. ಯಾರಿಗೆ ಏನಾದರೂ ಅವರದು ಅದೊಂದೇ ಔಷಧ. ಅಪ್ಪ ಕವಳದ ಸಂಚಿಗೆ ಕೈ ಹಾಕಿ, ಸುಣ್ಣದ ಡಬ್ಬಿಯಡಿಯಿಂದ ಎದೆನೋವಿನ ಸಾರ್ಬಿಟ್ರೇಟ್ ಗುಳಿಗೆ ತೆಗೆದು ನುಂಗಲು ನೀರು ಕೇಳಿದ. "ನಾಲಿಗೆ ಅಡಿಗೆ!" ಎಂದು ಕೂಗಿದೆ. ನುಂಗಿದರೆ ಬಹುಪಾಲು ಯಕೃತ್ತಿನಲ್ಲೇ ಖರ್ಚಾಗಿ ಹೋಗುತ್ತದೆ.

ಗುಳಿಗೆ ನಾಲಿಗೆಯಡಿ ಇಟ್ಟುಕೊಂಡೇ ಅಪ್ಪ ಕೇಳಿದ: "ತಮಾ, ಇದು ಕಾಣ್ತಾ ನಿನ್ನ ಸೂಜಿಗೆ?"

ಆ ಗುಳಿಗೆ ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಬಿಟ್ಟು ರಕ್ತನಾಳ ಸಡಿಲಿಸುತ್ತದೆ. ಅದೇ ಅನಿಲವನ್ನು ಹಿಡಿಯುವ ಸೆನ್ಸರ್ ಮಾಡುವುದು ಬೆಂಗಳೂರಲ್ಲಿ ನನ್ನ ಕೆಲಸ. ಅಪ್ಪನ ಬಾಯಲ್ಲಿ ಅದು ಸೂಜಿ. 7 ಮೈಕ್ರಾನಿನ ಕಾರ್ಬನ್ ಎಳೆ, ಅದಕ್ಕೆ 0.8 ವೋಲ್ಟ್ ಆಸುಪಾಸು. ಅಣು ಬಂದು ತಾಗಿ ಎಲೆಕ್ಟ್ರಾನ್ ಕೊಟ್ಟರೆ ಪಿಕೋಆಂಪಿಯರ್ ಲೆಕ್ಕದ, ಅಂದರೆ ಇದ್ದೂ ಇಲ್ಲದಷ್ಟು ಸಣ್ಣ ಕರೆಂಟು. ಆದರೆ ಮೈಯಲ್ಲೇ ಇರುವ ನೈಟ್ರೈಟ್ ಎಂಬ ಇನ್ನೊಂದು ಕಣವೂ ಹೆಚ್ಚುಕಡಿಮೆ ಅದೇ ವೋಲ್ಟಿಗೆ ಕೈಚಾಚುತ್ತದೆ. ಅದಕ್ಕೇ ಎಳೆಗೆ ನಾಫಿಯಾನ್ ಎಂಬ ಪಾಲಿಮರಿನ ಲೇಪ. ಅದು ಋಣ ಚಾರ್ಜಿನ ಬೇಲಿ. ಋಣ ಚಾರ್ಜಿನ ನೈಟ್ರೈಟನ್ನು ಆಚೆ ತಳ್ಳುತ್ತದೆ, ಚಾರ್ಜೇ ಇಲ್ಲದ ಅನಿಲ ಅಡಿಕೆ ಬೇಯಿಸುವ ಒಲೆಯ ಹೊಗೆಯಂತೆ ಸಂದಿಯಲ್ಲಿ ನುಸುಳುತ್ತದೆ. ಅಪ್ಪನಿಗೆ ಹಿಂದೊಮ್ಮೆ ಹೀಗೇ ಹೇಳಿದ್ದೆ. ಇಷ್ಟಾದರೂ ಯಾರೋ ಫ್ಯಾನು ಹಾಕಿದರೆ ಪರದೆಯ ಮೇಲೆ ಕರೆಂಟಿನ ಗೆರೆ ಕುಣಿಯುತ್ತದೆ. ರಕ್ತದಲ್ಲಂತೂ ಕೇಳಬೇಡಿ, ಹಿಮೋಗ್ಲೋಬಿನ್ ಆ ಅನಿಲವನ್ನು ಕ್ಷಣದಲ್ಲಿ ಕಬಳಿಸಿಬಿಡುತ್ತದೆ.

"ಇಲ್ಲೆ ಅಪ್ಪ, ಕಾಣ್ತಿಲ್ಲೆ."

"ಹಂಗಾರೆ ಎಂತಕ್ಕೆ ಅದು?"

ಕುಹಕವಲ್ಲ, ನಿಜವಾಗಿ ತಿಳಿಯುವ ಆಸೆ. ನಮ್ಮ ವಿಮರ್ಶಾ ಸಭೆಗಳಲ್ಲಿ ಎಷ್ಟು ಪೇಪರ್ ಬಂತು ಎಂದು ಕೇಳುತ್ತಾರೆ, ಎಂತಕ್ಕೆ ಎಂದು ಯಾರೂ ಕೇಳಿಲ್ಲ. ಜೀವಕೋಶದ ಪಕ್ಕ ಎಳೆ ಇಟ್ಟು, ಯಾವ ಕಾಯಿಲೆಯಲ್ಲಿ ಅದು ಎಷ್ಟು ಅನಿಲ ಬಿಡುತ್ತದೆ ಎಂದು ನೋಡಲಿಕ್ಕೆ ಎನ್ನಬಹುದಿತ್ತು. ಬಾಯಿ ಬರಲಿಲ್ಲ. ನ್ಯಾನೋಮೋಲಾರ್ ಲೆಕ್ಕದ ಅತಿ ಸಣ್ಣ ಸಾಂದ್ರತೆ ಅಳೆಯುವ ನಾನು ಅಂದು ನೋಡುತ್ತಿದ್ದದ್ದು ಗೋಡೆ ಗಡಿಯಾರ. ಐದು ನಿಮಿಷಕ್ಕೆ ನೋವು ಇಳಿಯದಿದ್ದರೆ ಕಾರು ಹೊರಡಿಸಬೇಕು. ಆಮೇಲೆ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ ಎಂದು ಕಾರವಾರದಿಂದ ಸಿದ್ದಾಪುರದವರೆಗೆ ಜನ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡಿದ್ದಾರೆ.

ನಾಲ್ಕನೇ ನಿಮಿಷಕ್ಕೆ ಹಣೆಯ ಬೆವರು ಆರಿತು. ಅಪ್ಪನ ಕೈ ಮತ್ತೆ ಸಂಚಿಗೆ ಹೋಯಿತು, ಈ ಸಲ ಅಡಿಕೆಗೆ.

ಮರುದಿನ ಹುಬ್ಬಳ್ಳಿಯಲ್ಲಿ ಆಂಜಿಯೋಗ್ರಾಮಿಗೆ ಕಾಯುತ್ತಿದ್ದಾಗ ಪಕ್ಕದ ಕುರ್ಚಿಯವರು ನಾನೇನು ಮಾಡಿಕೊಂಡಿದ್ದೇನೆ ಎಂದು ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಅಂದ:

"ಮಾಣಿ ಹೊಗೆ ಹಿಡಿಯ ಸೂಜಿ ಮಾಡ್ತ. ಇನ್ನೂ ಸಿಕ್ಕಿದ್ದಿಲ್ಲೆ."